ಚುಂಜಾಳ ಪಾಲಿನ ಕಾಯಿ

ಎಪ್ಪತ್ತಾರು ತುಂಬುವವರೆಗೆ ಪ್ಯೋ ಬೊಂಗ್ಸುನ್ ಯಾರ ಮನೆಯ ಸೂಜಿಯನ್ನೂ ಕೇಳದೆ ಮುಟ್ಟಿದವಳಲ್ಲ. ಬಾಯಿ ಮಾತ್ರ ಕೆಟ್ಟದ್ದು, ಅದನ್ನು ಅವಳೇ ಒಪ್ಪುತ್ತಾಳೆ. ಚೊಂಗ್ಜು ಪೇಟೆಯಲ್ಲಿ ಮೂವತ್ತೊಂದು ವರ್ಷ ಮುಕ್ ಮಾರಿದ ಹೆಂಗಸಿನ ಬಾಯಿ ಮೆತ್ತಗಿರಬೇಕು ಅಂದರೆ ಹೇಗೆ? ಓಕ್ ಮರದ ಕಾಯನ್ನು, ಅಂದರೆ ದೊತೋರಿಯನ್ನು, ಒಣಗಿಸಿ ಸುಲಿದು ಅರೆಯಬೇಕು, ಏಳು ನೀರು ಬದಲಿಸಿ ಕಹಿ ಕಳೆಯಬೇಕು, ತಳ ಹಿಡಿಯದಂತೆ ತೋಳು ಬಿದ್ದುಹೋಗುವಷ್ಟು ತಿರುವಬೇಕು. ಆಮೇಲೆ ಅದು ಆರಿ ಕಂದು ಗಟ್ಟಿಯಾಗಿ ಕೂತರೆ ಮುಕ್. ಇಷ್ಟೆಲ್ಲ ಮಾಡಿ ತಂದಿಟ್ಟದ್ದನ್ನು ಬೆರಳಲ್ಲಿ ಒತ್ತಿ ನೋಡಿ ‘ಯಾಕೋ ಮೆತ್ತಗಿದೆ’ ಎನ್ನುವ ಗಿರಾಕಿಗೆ ಬೊಂಗ್ಸುನ್ ಏನು ಹೇಳುತ್ತಿದ್ದಳೋ ಅದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಅಂಥವಳನ್ನು ಸರ್ಕಾರ ಕಳ್ಳಿ ಎಂದು ಬರೆಯಿತು. ಬರಿ ಕಳ್ಳಿಯೂ ಅಲ್ಲ, ‘ವಿಶೇಷ ಕಳ್ಳತನ’. ಅದಕ್ಕೆ ದಂಡ ಕಟ್ಟಿ ಮನೆಗೆ ಹೋಗುವ ದಾರಿಯೇ ಕಾಯಿದೆಯಲ್ಲಿಲ್ಲ, ಒಂದು ವರ್ಷದಿಂದ ಹತ್ತು ವರ್ಷದವರೆಗೆ ಜೈಲು. ಪಾರ್ಕಿನಲ್ಲಿ ತಾನಾಗಿ ಉದುರಿದ ಕಾಯಿಗೆ! ಇದನ್ನು ಕೇಳಿ ಯಾರಿಗೆ ಪಿತ್ತ ನೆತ್ತಿಗೇರುವುದಿಲ್ಲವೋ ಅವರು ಮುಂದೆ ಓದದಿದ್ದರೂ ನಷ್ಟವಿಲ್ಲ.

ಹಕ್ಗೋಲ್ ಪಾರ್ಕು ಬೊಂಗ್ಸುನ್ ಇರುವ ಅಪಾರ್ಟ್‌ಮೆಂಟಿನ ಬೆನ್ನಿಗೇ ಇದೆ. ಮೊದಲು ಅದು ಬರಿ ಗುಡ್ಡ. ಆಮೇಲೆ ಬೇಲಿ ಬಂತು, ಬೆಂಚು ಬಂತು, ಬಾಗಿಲಲ್ಲಿ ಆಳೆತ್ತರದ ಪ್ಲಾಸ್ಟಿಕ್ ಅಳಿಲು ಬಂದು ಹಲ್ಲು ಕಿರಿದು ನಿಂತಿತು. ಹೋದ ಅಕ್ಟೋಬರಿನ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಬೊಂಗ್ಸುನ್ ಅಲ್ಲಿ ಮರದಡಿ ಬಗ್ಗಿ ದೊತೋರಿ ಆರಿಸುತ್ತಿದ್ದಳು. ಮುಂದಿನ ವಾರ ಅವಳ ತಾಯಿಯ ತಿಥಿ. ಯುದ್ಧ ಮುಗಿದ ಮೇಲಿನ ಬರಗಾಲದ ವಸಂತಗಳಲ್ಲಿ ಗೇಸಾನಿನ ಗುಡ್ಡದ ಮೇಲೆ ಆರು ಮಕ್ಕಳನ್ನು ಇದೇ ಕಾಯಿ ಅರೆದು ಉಳಿಸಿಕೊಂಡ ತಾಯಿ ಅವಳು. ಆ ತಾಯಿಯ ಎಡೆಗೆ ಅಂಗಡಿಯ ಪುಡಿಯ ಮುಕ್ ಇಡುವುದು ಬೊಂಗ್ಸುನ್ ಕೈಲಾಗದ ಮಾತು.

ಹತ್ತಿರದ ಬೆಂಚಿನ ಮೇಲೆ ತಾಕ್ ಚುಂಜಾ ಕೂತಿದ್ದಳು. ಬೊಂಗ್ಸುನ್‌ಗಿಂತ ಎರಡು ವರ್ಷ ಚಿಕ್ಕವಳು, ಐವತ್ತೊಂಬತ್ತು ವರ್ಷದಿಂದ ಗೆಳತಿ, ಅಕ್ಕಾ ಎನ್ನದೆ ಮಾತೇ ಶುರು ಮಾಡದವಳು. ಮೈಮೇಲೆ ಹಳದಿ ಅಂಗಿ ಇನ್ನೂ ಇತ್ತು. ವಾರಕ್ಕೆ ಐದು ಬೆಳಿಗ್ಗೆ ಶಾಲೆಯ ಮುಂದೆ ಆ ಹಳದಿ ಅಂಗಿ ತೊಟ್ಟು, ಹಳದಿ ಬಾವುಟ ಅಡ್ಡ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ವಯಸ್ಸಾದವರಿಗೆ ಎಂದು ವೃದ್ಧರ ಕೇಂದ್ರ ಕೊಡುವ ಕೆಲಸ ಅದು. ಚುಂಜಾಳಿಗೆ ಗಂಡನಿಲ್ಲ, ಮಕ್ಕಳಾಗಲಿಲ್ಲ, ಮನೆಯಲ್ಲಿ ಮಾತಾಡುವುದು ಟೀವಿ ಒಂದೇ. ಆ ರಸ್ತೆಯಲ್ಲಿ ಮಾತ್ರ ಇನ್ನೂರು ಮಕ್ಕಳು ದಿನಾ ತಲೆಬಾಗಿ ‘ಹಳದಿ ಅಜ್ಜಿ, ಬರ್ತೀವಿ’ ಎಂದು ಹೇಳಿ ಹೋಗುತ್ತವೆ. ಚುಂಜಾ ಬದುಕಿರುವುದೇ ಎಂಟರಿಂದ ಒಂಬತ್ತರವರೆಗೆ ಎಂದು ಬೊಂಗ್ಸುನ್ ತಮಾಷೆ ಮಾಡುತ್ತಿದ್ದಳು. ತಮಾಷೆಯಾದರೂ ಸುಳ್ಳಲ್ಲ.

ಚುಂಜಾ ಯಾಕೆ ಬೆಂಚಿನ ಮೇಲೆ ಕೂತಿದ್ದಳು ಎಂದರೆ ಅವಳ ಎರಡು ಮಂಡಿಯೂ ಲೋಹದ್ದು. ನಾಲ್ಕು ವರ್ಷದ ಹಿಂದೆ ಕುಯ್ದು ಹಾಕಿದ್ದು. ನಿಲ್ಲುತ್ತಾಳೆ, ನಡೆಯುತ್ತಾಳೆ, ಆದರೆ ನೆಲಕ್ಕೆ ಬಗ್ಗಿ ಕೂತರೆ ಏಳುವ ಹಾಗಿಲ್ಲ. ಇದು ಕೇಂದ್ರದವರಿಗೆ ಗೊತ್ತಿಲ್ಲ. ಗೊತ್ತಾಗಲೂ ಬಾರದು. ಪ್ರತಿ ಜನವರಿಯಲ್ಲಿ ಅಲ್ಲಿ ತಪಾಸಣೆ: ಕೈ ಮುಂದೆ ಚಾಚಿ ಐದು ಸಲ ಕುಕ್ಕರಗಾಲಲ್ಲಿ ಕೂತು ಎದ್ದರೆ ಹಳದಿ ಅಂಗಿ, ಇಲ್ಲದಿದ್ದರೆ ಇಲ್ಲ. ಪ್ರತಿ ಜನವರಿಯಲ್ಲಿ ಚುಂಜಾಳ ಸರದಿ ಬಂದಾಗ ಸಾಲಿನ ಹಿಂದುಗಡೆ ಬೊಂಗ್ಸುನ್ ಯಾರ ಮೇಲಾದರೂ ಜಗಳ ತೆಗೆಯುತ್ತಾಳೆ. ಎಂಥ ಜಗಳ! ಗುರುತು ಹಾಕುತ್ತಿದ್ದ ಕೇಂದ್ರದ ಮೇಲ್ವಿಚಾರಕ ಪಾಂಗ್ ಪೆನ್ನು ಹಿಡಿದುಕೊಂಡೇ ಓಡಿ ಬಂದು ಬಿಡಿಸಬೇಕು. ಬಿಡಿಸಿ ವಾಪಸು ಹೋಗುವ ಹೊತ್ತಿಗೆ ಚುಂಜಾ ಏದುಸಿರು ಬಿಡುತ್ತ ನಿಂತಿರುತ್ತಾಳೆ. “ಆಯ್ತಾ ಅಮ್ಮಾ, ಐದೂ?” “ಆಯ್ತು.” ಐದೂ ಗುರುತು ಬೀಳುತ್ತವೆ.

ಆ ಬೆಳಿಗ್ಗೆ ಚೀಲ ಅರ್ಧ ತುಂಬಿದ ಮೇಲೆ ಬೊಂಗ್ಸುನ್ ಬೆಂಚಿಗೆ ಬಂದು, ಚುಂಜಾಳ ಕೈಚೀಲದ ಬಾಯಿ ಬಿಡಿಸಿ, ಸರಿಯಾಗಿ ಅರ್ಧ ಸುರಿದಳು.

“ಬೇಡ ಅಕ್ಕಾ, ನಾನೇನು ಆರಿಸಿದ್ನಾ?”

“ಬಾಯ್ಮುಚ್ಚು. ಇಷ್ಟೊತ್ತು ಕೂತು ನಿನ್ನ ಮುಖ ತೋರಿಸಿದ್ಯಲ್ಲ, ಅದರ ಕೂಲಿ.”

ಪಕ್ಕದಲ್ಲಿ ಕೂತವರನ್ನು ಬರಿಗೈಲಿ ಕಳಿಸುವುದು ಬೊಂಗ್ಸುನ್‌ಗೆ ಗೊತ್ತಿಲ್ಲ. ಅಂಗಡಿಯಲ್ಲೂ ಹಾಗೇ, ಹರಟೆಗೆ ಬಂದು ಕೂತವಳು ಎದ್ದು ಹೊರಟರೆ ಕೈಗೊಂದು ತುಂಡು ಮುಕ್ ಇಟ್ಟೇ ಕಳಿಸುವುದು. ಆ ಊರಿನ ಮುದುಕಿಯರಿಗೆ ಇದು ಉಸಿರಾಟದಷ್ಟೇ ಸಹಜ. ಪಾರ್ಕಿನ ಕಾವಲುಗಾರ ಪೊದೆಯ ಹಿಂದಿನಿಂದ ಬಂದದ್ದು ಸರಿಯಾಗಿ ಆ ಗಳಿಗೆಯಲ್ಲಿ. ಹಿಂದೆ ಓಟದ ಬಟ್ಟೆ ತೊಟ್ಟ ಒಬ್ಬ, ಕೈಯಲ್ಲಿ ಮೊಬೈಲು.

“ಅಜ್ಜೀ, ಚೀಲ ಕೆಳಗಿಡಿ. ಬೋರ್ಡು ಓದ್ಲಿಲ್ವಾ? ದೊತೋರಿ ಅಳಿಲುಗಳ ಚಳಿಗಾಲದ ಊಟ ಅಂತ ಇಷ್ಟು ದಪ್ಪಕ್ಕೆ ಬರೆದಿದೆ.”

“ಅಳಿಲೇ ನಿನ್ನನ್ನ ಕಳಿಸ್ತೇನಪ್ಪಾ? ಎಲ್ಲಿ, ಕರಿ ಅದನ್ನ. ಮುಖಾಮುಖಿ ಮಾತಾಡೇಬಿಡ್ತೀನಿ.”

“ತಮಾಷೆ ಅಲ್ಲ ಅಜ್ಜಿ. ಇವರು ದೂರು ಕೊಟ್ಟಿದಾರೆ, ಫೋಟೊ ತೆಗೆದಿದಾರೆ.”

“ಓಹೋ, ಫೋಟೊ! ಹೋದ ತಿಂಗಳು ನಿಮ್ಮ ಹಲಗೆ ದಾರಿಗೆ ಅಂತ ಮೂವತ್ತೆರಡು ಮರ ಕಡಿದ್ರಲ್ಲ, ಆಗ ಎಲ್ಲಿ ಹೋಗಿತ್ತು ಈ ಫೋಟೊ? ಆಗ ಅಳಿಲು ಏನು ತಿಂತು, ಗರಗಸದ ಹೊಟ್ಟಾ?”

ಓಟದವನು ಮುಖ ಆಚೆ ತಿರುಗಿಸಿದ. ಮೂವತ್ತೆರಡು ಮರ ಕಡಿದವರ ಮೇಲೆ ಒಂದು ಕಾಗದ ಹುಟ್ಟಲಿಲ್ಲ. ಅವರಿಗೆ ಅನುಮತಿ ಇತ್ತಂತೆ. ಮುದುಕಿಯರಿಗೆ ಇರಲಿಲ್ಲವಂತೆ. ಪೊಲೀಸರು ಬಂದರು, ಎರಡು ಚೀಲವನ್ನೂ ತೂಗಿದರು, ಒಂದರಲ್ಲಿ ಎರಡು ಕಿಲೋ ನೂರು ಗ್ರಾಂ, ಇನ್ನೊಂದರಲ್ಲೂ ಎರಡು ಕಿಲೋ ನೂರು ಗ್ರಾಂ. ಚಿನ್ನ ತೂಗುವ ಹಾಗೆ ತೂಗಿ ಬರೆದುಕೊಂಡರು.

ಠಾಣೆಯಲ್ಲಿ ಪೊಲೀಸಿನವನು ಕೇಳಿದ್ದು ಒಂದೇ ಪ್ರಶ್ನೆ, ಯಾರು ಆರಿಸಿದ್ದು. “ನಾನು,” ಎಂದಳು ಬೊಂಗ್ಸುನ್. “ಇವಳದ್ದೇನೂ ಇಲ್ಲ, ಕೂತಿದ್ಲು ಅಷ್ಟೇ.” ಅಲ್ಲಿಗೆ ಮುಗಿಯಬೇಕಿತ್ತು. ಒಬ್ಬಳೇ ಆಗಿದ್ದರೆ ಎಚ್ಚರಿಕೆ ಕೊಟ್ಟು, ಹೆಚ್ಚೆಂದರೆ ಸಣ್ಣ ದಂಡ ಹಾಕಿ ಕಳಿಸುತ್ತಿದ್ದರು. ಆದರೆ ಚುಂಜಾ ಕುರ್ಚಿಯ ತುದಿಯಲ್ಲಿ ಕೂತು, ಹಳದಿ ಅಂಗಿಯ ಅಂಚು ಹಿಂಡುತ್ತ, ಬಾಯಿ ಬಿಟ್ಟಳು.

“ನಾನೂ ಆರಿಸಿದೆ ಸ್ವಾಮಿ. ಅರ್ಧ ನಂದೇ.”

ಅವಳ ಜೀವಮಾನದ ಮಾತೇ ಅದು, ನಾನೂ. ಹದಿನೇಳು ವರ್ಷದ ಬೊಂಗ್ಸುನ್ ರೇಷ್ಮೆ ಗಿರಣಿಗೆ ಸೇರಿದಾಗ ಪಕ್ಕದ ಬಾಣಲೆಯಲ್ಲಿ ಗೂಡು ಬೇಯಿಸುತ್ತಿದ್ದವಳು ಹದಿನೈದರ ಚುಂಜಾ. ಒಂದು ದಿನ ಬೊಂಗ್ಸುನ್ ತೂಕಡಿಸಿ ಒಂದು ಬಾಣಲೆ ಗೂಡು ಸೀದುಹೋಯಿತು. ಮೇಸ್ತ್ರಿ ಬಂದು ಯಾರು ಎಂದು ಕಿರುಚಿದಾಗ ಬೊಂಗ್ಸುನ್ ಕೈ ಎತ್ತಿದಳು. ಎತ್ತಿ ನೋಡಿದರೆ ಪಕ್ಕದಲ್ಲಿ ಇನ್ನೊಂದು ಕೈ ಎದ್ದಿತ್ತು. ಇಬ್ಬರೂ ಮೂರು ಗಂಟೆ ಹಿಮದಲ್ಲಿ ನಿಂತರು. ಆಗಿನಿಂದ ಬೊಂಗ್ಸುನ್‌ಗೆ ಕಷ್ಟ ಬಂದಾಗಲೆಲ್ಲ ಪಕ್ಕದಲ್ಲಿ ಆ ಪೆದ್ದ ಕೈ ಏಳುತ್ತಲೇ ಬಂದಿದೆ. ಅದನ್ನು ಕಂಡರೆ ಬೊಂಗ್ಸುನ್‌ಗೆ ಮೈ ಉರಿಯುತ್ತದೆ, ಅದಿಲ್ಲದೆ ಬದುಕುವುದೂ ಗೊತ್ತಿಲ್ಲ.

ಇಬ್ಬರು ಸೇರಿ ಕದ್ದರೆ ಅದು ವಿಶೇಷ ಕಳ್ಳತನ ಎಂದು ಮೊದಲು ಬಿಡಿಸಿ ಹೇಳಿದ್ದು ವಕೀಲೆ ನಾಮ್ ದಾಹೆ. ಎಪ್ಪತ್ತು ದಾಟಿದ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಕೊಟ್ಟದ್ದು ಮೂವತ್ತೆರಡರ ಹುಡುಗಿಯನ್ನು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು, ಬೆನ್ನಿಗೆ ಕಡತ ತುಂಬಿದ ಚೀಲ.

“ಕೊಲೆಗಾರರಿಗೂ ವಕೀಲರು ನೀನೇನಾ?” ಎಂದು ಬೊಂಗ್ಸುನ್ ಕೇಳಿದಳು.

“ಹೌದು ಅಜ್ಜಿ. ನಿಮ್ಮ ಕಡತ ಅವರ ಮೇಲೇ ಇದೆ.”

“ಸದ್ಯ, ಮೇಲಿದೆಯಲ್ಲ.”

ನಾಮ್ ದಾಹೆ ನಗಲಿಲ್ಲ. ಇಬ್ಬರೂ ಪಶ್ಚಾತ್ತಾಪ ಪತ್ರ ಬರೆದುಕೊಟ್ಟರೆ ಮೊಕದ್ದಮೆ ಹೂಡುವ ಸರ್ಕಾರಿ ವಕೀಲರು ಕ್ಷಮಿಸಿ ಕಡತ ಮುಚ್ಚುವ ಸಂಭವ ಇದೆ, ಕೋರ್ಟಿಗೇ ಹೋಗಬೇಕಿಲ್ಲ ಎಂದಳು. ಚುಂಜಾಳ ಕೆಲಸ ಮಕ್ಕಳ ಜೊತೆಯದ್ದು. ಕಳ್ಳತನದ ದಾಖಲೆ ಬಂದರೆ ಹಳದಿ ಅಂಗಿ ಅವತ್ತೇ ಹೋಗುತ್ತದೆ. ಇದನ್ನು ಕೇಳಿ ಬೊಂಗ್ಸುನ್ ಹಲ್ಲು ಕಚ್ಚಿ ಬರೆಯಲು ಕೂತಳು. ತನಗಾಗಿ ಆಗಿದ್ದರೆ ಪೆನ್ನು ಮುರಿದುಹಾಕುತ್ತಿದ್ದಳು.

ಮೊದಲ ಎರಡು ಸಾಲು ಚೆನ್ನಾಗಿಯೇ ಬಂದವು. ‘ಉದುರಿದ ಕಾಯಿ ಆರಿಸಿದ್ದಕ್ಕೆ ನಾನು ತಲೆತಗ್ಗಿಸುತ್ತೇನೆ. ಅಳಿಲುಗಳ ಕ್ಷಮೆ ಕೇಳುತ್ತೇನೆ.’ ಮೂರನೆಯ ಸಾಲಿಗೆ ಕೈ ತಾನಾಗಿ ಓಡತೊಡಗಿತು. ‘ಮೂವತ್ತೆರಡು ಮರ ಕಡಿದವರು ಯಾವಾಗ ತಲೆತಗ್ಗಿಸುತ್ತಾರೆ ಎಂದು ಅಳಿಲುಗಳು ಕೇಳುತ್ತಿವೆ. ಪ್ಲಾಸ್ಟಿಕ್ ಅಳಿಲಿಗೆ ಹೊಟ್ಟೆ ಇಲ್ಲದ್ದರಿಂದ ಅದು ಕೇಳಿಲ್ಲ. ತಾಯಿಯ ಎಡೆಗೆ ಮುಕ್ ಇಡಹೊರಟವಳನ್ನು ಕಳ್ಳಿ ಎಂದು ಬರೆದವರ ಮನೆಯಲ್ಲಿ ತಾಯಿ ಇಲ್ಲವೇ?’ ಹೀಗೇ ಒಂದು ಪುಟ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತೇನೋ. ಚುಂಜಾ ಶಾಲೆಗೆ ಹೋಗಿದ್ದು ಎರಡೇ ವರ್ಷ. ಸರ್ಕಾರಕ್ಕೆ ಏನು ಬರೆಯಬೇಕೆಂದು ತಿಳಿಯದೆ ಅವಳು ಬೊಂಗ್ಸುನ್ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನಕಲು ಮಾಡಿದಳು. ಪ್ಲಾಸ್ಟಿಕ್ ಅಳಿಲಿನ ಹೊಟ್ಟೆ ಸಮೇತ. ಎರಡು ಕಾಗದವೂ ಒಟ್ಟಿಗೆ ಮೇಜಿಗೆ ಬಂದಾಗ ಸರ್ಕಾರಿ ವಕೀಲ ತನ್ನನ್ನು ಇಬ್ಬರು ಮುದುಕಿಯರು ಸೇರಿ ಗೇಲಿ ಮಾಡುತ್ತಿದ್ದಾರೆ ಎಂದುಕೊಂಡ. ವಾರದೊಳಗೆ ಆರೋಪಪಟ್ಟಿ ಮನೆಗೆ ಬಂತು.

“ನೀನು ಯಾಕೇ ನಕಲು ಮಾಡಿದೆ, ದಡ್ಡಿ?” ಬೊಂಗ್ಸುನ್ ಕಿರುಚಿದಳು.

“ನೀನು ಬರೆದ್ಮೇಲೆ ಸರಿಯಾಗೇ ಇರುತ್ತೆ ಅಂದ್ಕೊಂಡೆ ಅಕ್ಕಾ. ಓದೋಕೆ ಚೆನ್ನಾಗಿತ್ತು.”

ಚಳಿಗಾಲವೆಲ್ಲ ಹೀಗೇ ಕಳೆಯಿತು. ಜನವರಿಯ ತಪಾಸಣೆಯಲ್ಲಿ ಬೊಂಗ್ಸುನ್ ಮತ್ತೆ ಜಗಳ ತೆಗೆದಳು, ಚುಂಜಾಳಿಗೆ ಮತ್ತೆ ಐದಕ್ಕೆ ಐದು ಬಿತ್ತು. ವಿಚಾರಣೆ ಏಪ್ರಿಲಿಗೆ ನಿಗದಿಯಾಯಿತು. ಅದರ ಹಿಂದಿನ ದಿನ ನಾಮ್ ದಾಹೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

“ಕೇಳಿ. ಚುಂಜಾ ಅಜ್ಜಿ ಆರಿಸಲಿಲ್ಲ ಅಂತಾದ್ರೆ ಅವರು ಪೂರ್ತಿ ಬಚಾವು. ಅದಕ್ಕೆ ಏನಾದ್ರೂ ಆಧಾರ ಇದೆಯಾ?”

ಚುಂಜಾ ಮೇಜಿನ ಕೆಳಗೆ ಬೊಂಗ್ಸುನ್ ತೊಡೆ ಹಿಡಿದಳು. ಮಂಡಿಯ ವಿಷಯ ವಕೀಲೆಗೂ ಹೇಳಕೂಡದು ಎಂದು ಮೊದಲೇ ಆಣೆ ಹಾಕಿಸಿಕೊಂಡಿದ್ದಳು. ಕೇಂದ್ರದ ಪಾಂಗ್ ಸಾಕ್ಷಿ ಹೇಳಲು ಬರುವವನಿದ್ದ.

“ಇಲ್ಲ,” ಎಂದಳು ಬೊಂಗ್ಸುನ್.

“ಸರಿ. ಹಾಗಾದ್ರೆ ತಪ್ಪೊಪ್ಪಿಕೊಂಡು ತಲೆ ಬಗ್ಗಿಸೋದು ಒಂದೇ ದಾರಿ. ನಿಮ್ಮ ವಯಸ್ಸು ನೋಡಿ ನ್ಯಾಯಾಧೀಶರು ಶಿಕ್ಷೆನೇ ಮುಂದೂಡ್ತಾರೆ. ಎರಡು ವರ್ಷ ಸುಮ್ಮನಿದ್ರೆ ದಾಖಲೆ ಏನೂ ಉಳಿಯಲ್ಲ. ಅಂಗಿ ಉಳಿಯುತ್ತೆ ಅಂತ ಕೇಂದ್ರದವರು ಮಾತು ಕೊಟ್ಟಿದಾರೆ. ಆಮೇಲೆ ಬೊಂಗ್ಸುನ್ ಅಜ್ಜಿ, ನಿಮ್ಮ ಗಿರಣಿ ಹುಡುಗೀರು ಆ ಕಾಲದಲ್ಲಿ ಗುಡ್ಡದಲ್ಲಿ ಗಿಡ ನೆಟ್ಟಿದ್ರಂತಲ್ಲ? ಅದೇ ಮರ ಅಂತ ಹೇಳಿದ್ರೆ ಕೇಳೋರ ಕರುಳು ಚುರುಕ್ ಅನ್ನುತ್ತೆ.”

“ನಾವು ನೆಟ್ಟಿದ್ದು ಆಚೆ ಗುಡ್ಡ. ಅಲ್ಲೀಗ ಗೋದಾಮು ಇದೆ. ಸುಳ್ಳು ಹೇಳಿಸ್ಬೇಡ ತಾಯಿ, ಕಳ್ಳಿ ಅನ್ನಿಸ್ಕೊಂಡಿದ್ದೇ ಸಾಕು.”

“ಬೇಡ ಬಿಡಿ. ನೀವು ಒಂದೇ ಒಂದು ಕೆಲಸ ಮಾಡಿ. ಒಂದು ಗಂಟೆ ಬಾಯಿ ಮುಚ್ಕೊಂಡಿರಿ.”

“ಇರ್ತಾಳೆ,” ಎಂದಳು ಚುಂಜಾ. “ನನಗೋಸ್ಕರ ಇರ್ತಾಳೆ.”

ಬೊಂಗ್ಸುನ್ ನಿಜಕ್ಕೂ ಇರಬೇಕೆಂದೇ ಹೋದಳು. ಹತ್ತಿ ತುಂಬಿದ ಹಳೆಯ ಕೋಟು ತೊಟ್ಟು, ಕೈ ಎರಡನ್ನೂ ಜೇಬಿಗೆ ತುರುಕಿ, ಆರೋಪಿಗಳ ಕಟಕಟೆಯಲ್ಲಿ ಚುಂಜಾಳ ಪಕ್ಕ ಕೂತಳು. ಜೇಬಿನ ಹರಿದ ಅಸ್ತರಿಯೊಳಗೆ ಬೆರಳಿಗೆ ಏನೋ ಸಿಕ್ಕಿತು, ಅಕ್ಟೋಬರಿನಲ್ಲಿ ಜಾರಿ ಉಳಿದ ಒಂದು ದೊತೋರಿ. ಅದನ್ನೇ ಹಿಚುಕುತ್ತ ಕೂತಳು. ಪಾರ್ಕಿನ ಅಧಿಕಾರಿ ಬಂದು ಅಳಿಲುಗಳ ಬಗ್ಗೆ ಗದ್ಗದ ದನಿಯಲ್ಲಿ ಹೇಳಿದ. ಬೊಂಗ್ಸುನ್ ಹಿಚುಕಿದಳು. ಮರ ಕಡಿದ ವಿಷಯ ಯಾರೂ ಎತ್ತಲಿಲ್ಲ. ಇನ್ನಷ್ಟು ಹಿಚುಕಿದಳು.

ಆಮೇಲೆ ಪಾಂಗ್ ಬಂದ. ಒಳ್ಳೆಯ ಮನುಷ್ಯ, ಸುಳ್ಳೇನೂ ಹೇಳಲಿಲ್ಲ. “ತಾಕ್ ಚುಂಜಾ ಅಮ್ಮ ಒಂದು ದಿನ ತಪ್ಪಿಸಿಲ್ಲ. ಮಕ್ಕಳಿಗೆ ಅವರು ಅಂದ್ರೆ ಪ್ರಾಣ. ಈ ವಯಸ್ಸಲ್ಲೂ ಗಟ್ಟಿ, ಕೂತು ಏಳೋ ತಪಾಸಣೆಯಲ್ಲಿ ಐದಕ್ಕೆ ಐದು.”

ಸರ್ಕಾರಿ ವಕೀಲ ತಕ್ಷಣ ಎದ್ದ. ಎಳೆಯ ಮುಖ, ಇಸ್ತ್ರಿ ಮುರಿಯದ ಅಂಗಿ. “ಗಮನಿಸಿ ಸ್ವಾಮಿ. ಆರೋಪಿ ಗಟ್ಟಿಯಾಗಿದ್ದಾರೆ, ಬಗ್ಗಿ ಆರಿಸಲು ಶಕ್ತರು. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದು, ದೋಚಿದ್ದನ್ನು ಗ್ರಾಮಿನ ಲೆಕ್ಕದಲ್ಲಿ ಸಮನಾಗಿ ಹಂಚಿಕೊಂಡಿದ್ದಾರೆ. ಇದು ಯೋಜನೆ ಹಾಕಿ ಮಾಡಿದ ಕೃತ್ಯ.”

ದೋಚಿದ್ದು! ಹಂಚಿಕೊಂಡದ್ದು! ಬೊಂಗ್ಸುನ್‌ಗೆ ಕಿವಿ ಗುಂಯ್ ಎಂದಿತು. ಪಕ್ಕದವಳ ಚೀಲಕ್ಕೆ ಅರ್ಧ ಸುರಿಯುವುದಕ್ಕೆ ಈ ಹುಡುಗನ ಬಾಯಲ್ಲಿ ಇಂಥ ಹೆಸರು. ಇವನ ಅಜ್ಜಿ ಇವನ ಕೈಗೆ ಎಂದೂ ಏನೂ ಇಟ್ಟಿರಲಿಲ್ಲವೇ? ನಾಮ್ ದಾಹೆ ತಿರುಗಿ ಕಣ್ಣಲ್ಲೇ ಬೇಡಿಕೊಂಡಳು. ಬೊಂಗ್ಸುನ್ ನಾಲಿಗೆ ಕಚ್ಚಿಕೊಂಡಳು, ಸುಮ್ಮನಿದ್ದಳು. ತನ್ನನ್ನು ಏನಂದರೂ ಅವತ್ತು ಅವಳು ಸುಮ್ಮನೇ ಇರುತ್ತಿದ್ದಳು.

ಆದರೆ ನ್ಯಾಯಾಧೀಶರು ಚುಂಜಾಳ ಕಡೆ ತಿರುಗಿದರು. ತಾಳ್ಮೆಯ ಮನುಷ್ಯ, ಮೆಲ್ಲಗೆ ಕೇಳಿದರು. “ಆರೋಪಿ ತಾಕ್ ಚುಂಜಾ, ನೀವು ಆ ದಿನ ಕಳ್ಳತನ ಮಾಡಿದ್ದು ನಿಜವೇ?”

ಚುಂಜಾ ಕಟಕಟೆ ಹಿಡಿದು ಎದ್ದಳು. ಕೋರ್ಟಿಗೆಂದು ಕೂದಲಿಗೆ ಹೊಸದಾಗಿ ಸುರುಳಿ ಹಾಕಿಸಿಕೊಂಡು ಬಂದಿದ್ದಳು.

“ನಿಜ ಸ್ವಾಮಿ. ನಾನು ಕಳ್ಳಿ. ಕದ್ದೆ.”

ಐವತ್ತೊಂಬತ್ತು ವರ್ಷದಲ್ಲಿ ಚುಂಜಾಳ ಬಾಯಿಂದ ಬೊಂಗ್ಸುನ್ ನೂರಾರು ಪೆದ್ದ ಮಾತು ಕೇಳಿದ್ದಾಳೆ. ಇಂಥ ಮಾತು ಕೇಳಿರಲಿಲ್ಲ. ಗಂಡ ಸತ್ತ ದಿನವೂ ಕೊಡೆ ಎರವಲು ತಂದದ್ದನ್ನು ವಾಪಸು ಕೊಟ್ಟು ಬಂದು ಆಮೇಲೆ ಅತ್ತವಳು ಅವಳು. ಅವಳು ಅಷ್ಟು ಜನರೆದುರು ನಿಂತು ‘ನಾನು ಕಳ್ಳಿ’ ಎನ್ನಬೇಕೇ? ಒಂದು ಹಳದಿ ಅಂಗಿಗಾಗಿ? ಬೊಂಗ್ಸುನ್ ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ.

“ಸುಳ್ಳು! ಶುದ್ಧ ಸುಳ್ಳು! ಇವಳ ಮುಖ ನೋಡಿದ್ರೆ ಗೊತ್ತಾಗಲ್ವೇನ್ರೀ ನಿಮಗೆ? ಅಷ್ಟು ಓದಿದ್ದೀರಲ್ಲ!”

“ಅಜ್ಜೀ, ಕೂತ್ಕೊಳ್ಳಿ,” ನಾಮ್ ದಾಹೆ ಪಿಸುಗುಟ್ಟಿದಳು.

“ಅಕ್ಕಾ, ಬೇಡ,” ಎಂದಳು ಚುಂಜಾ. “ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ.”

“ಬೀಳು ನೋಡೋಣ! ಬಿದ್ದು ತೋರಿಸು! ಅದನ್ನೇ ಹೇಳ್ತಿರೋದು ನಾನು!” ಬೊಂಗ್ಸುನ್ ಜೇಬಿನಿಂದ ಕೈ ತೆಗೆದಳು, ದೊತೋರಿಯನ್ನು ಕೋರ್ಟಿನ ನುಣ್ಣನೆಯ ನೆಲದ ಮೇಲೆ ಎಸೆದಳು. ಅದು ಟಕಟಕ ಪುಟಿಯುತ್ತ ಹೋಗಿ ಸರ್ಕಾರಿ ವಕೀಲನ ಬೂಟಿನ ಹತ್ತಿರ ನಿಂತಿತು. “ಒಂದು ಕಾಯಿ. ನಾಲ್ಕು ಕಿಲೋ ಬೇಡ, ಒಂದೇ ಒಂದು. ಇವಳ ಕೈಲಿ ಎತ್ತಿಸಿ. ಎತ್ತಿದ್ರೆ ಹತ್ತು ವರ್ಷ ನನ್ನನ್ನ ಒಳಗೆ ಹಾಕಿ. ಇವಳ ಎರಡು ಮಂಡೀನೂ ಕಬ್ಬಿಣ ಕಣ್ರೀ!”

ಬೊಂಗ್ಸುನ್ ದನಿ ಇನ್ನೂ ಗೋಡೆಯಲ್ಲಿರುವಾಗಲೇ ಅವಳ ಕಣ್ಣು ಸಾಕ್ಷಿಯ ಕುರ್ಚಿಯ ಮೇಲೆ ಬಿತ್ತು. ಪಾಂಗ್ ಅಲ್ಲೇ ಕೂತಿದ್ದ. ಅವನು ನಿಧಾನವಾಗಿ ಚುಂಜಾಳ ಮಂಡಿಯ ಕಡೆ ನೋಡಿದ. ಆಗ ಬೊಂಗ್ಸುನ್‌ಗೆ ತಾನು ಮಾಡಿದ್ದು ಏನೆಂದು ತಿಳಿಯಿತು. ಬಾಯಿ ಮುಚ್ಚಿದಳು, ಬಹಳ ತಡವಾಗಿ.

ಚುಂಜಾಳೂ ಪಾಂಗ್‌ನನ್ನೇ ನೋಡಿದಳು. ಆಮೇಲೆ ಯಾರೂ ಹೇಳದೆ ಕಟಕಟೆಯಿಂದ ಹೊರಗೆ ಬಂದಳು, ನಡೆದು ಹೋಗಿ ಕಾಯಿಯ ಮುಂದೆ ನಿಂತಳು. ಕೈ ಎರಡೂ ಮುಂದೆ ಚಾಚಿದಳು, ತಪಾಸಣೆಯಲ್ಲಿ ಚಾಚುವ ಹಾಗೇ.

“ಎತ್ತಬಲ್ಲೆ ಸ್ವಾಮಿ,” ಎಂದಳು. “ನಾನು ಗಟ್ಟಿ ಇದ್ದೀನಿ.”

“ಬೇಡಮ್ಮ, ಅಗತ್ಯವಿಲ್ಲ,” ಎಂದರು ನ್ಯಾಯಾಧೀಶರು. ಅವಳು ಕೇಳಲಿಲ್ಲ. ಬಗ್ಗಿದಳು. ಅರ್ಧಕ್ಕೆ ಹೋಗಿ ಮುಖ ಬಿಳುಚಿತು, ಮೇಲ್ತುಟಿಯ ಮೇಲೆ ಬೆವರು ಕೂತಿತು. ಮತ್ತೂ ಬಗ್ಗಿದಳು. ಕೊನೆಗೆ ಕಾಲು ಮಡಚದೆ ಹಾಗೇ ನೆಲಕ್ಕೆ ಕುಸಿದು ಕೂತಳು. ಕೂತವಳೇ ಕೈ ಚಾಚಿ ಕಾಯಿ ಎತ್ತಿ, ತಲೆಯ ಮೇಲೆ ಹಿಡಿದು, ಎಲ್ಲರಿಗೂ ತೋರಿಸಿದಳು. ಎತ್ತಿದ್ದಾಯಿತು. ಏಳಲು ಆಗಲಿಲ್ಲ. ಒಂದು ಸಲ ಪ್ರಯತ್ನಿಸಿದಳು, ಇನ್ನೊಂದು ಸಲ ಪ್ರಯತ್ನಿಸಿದಳು. ಕೈ ಚಾಚಿಕೊಂಡು ನೆಲದ ಮೇಲೆ ಹಾಗೇ ಕೂತಿದ್ದಳು.

ಬೊಂಗ್ಸುನ್ ಓಡಿಹೋಗಿ ಕಂಕುಳಿಗೆ ಕೈ ಹಾಕಿ ಎತ್ತಿದಳು. ಆ ಕಡೆಯಿಂದ ಇನ್ನೊಬ್ಬರು ಹಿಡಿದರು. ನೋಡಿದರೆ ಸರ್ಕಾರಿ ವಕೀಲ, ಕಿವಿಯವರೆಗೆ ಕೆಂಪಾಗಿದ್ದ. “ಮುಟ್ಟಬೇಡ,” ಎಂದಳು ಬೊಂಗ್ಸುನ್. ಅವನು ಕೈ ಬಿಟ್ಟ.

ಎರಡು ವಾರದ ಮೇಲೆ ತೀರ್ಪು ಬಂತು. ತಾಕ್ ಚುಂಜಾ ನಿರಪರಾಧಿ. ಆಸ್ಪತ್ರೆಯ ಕಾಗದ ನೋಡಿದ ಮೇಲೆ ಅವಳ ತಪ್ಪೊಪ್ಪಿಗೆಯನ್ನು ನಂಬುವಂತಿಲ್ಲ. ಇಬ್ಬರು ಸೇರಿ ಮಾಡಿದ್ದಲ್ಲವಾದ್ದರಿಂದ ಬೊಂಗ್ಸುನ್ ಮೇಲೆ ವಿಶೇಷ ಕಳ್ಳತನವೂ ನಿಲ್ಲುವುದಿಲ್ಲ. ಬರಿ ಕಳ್ಳತನ, ಅದರ ಶಿಕ್ಷೆಯೂ ಮುಂದೂಡಿಕೆ. ನಾಮ್ ದಾಹೆ ಕಣ್ಣರಳಿಸಿ, ಇಂಥ ತೀರ್ಪು ತನಗೆ ವರ್ಷಕ್ಕೊಂದು ಸಿಕ್ಕರೆ ಹೆಚ್ಚು ಎಂದಳು. ಪೂರ್ತಿ ಗೆಲುವು ಎಂದಳು.

ಪಾಂಗ್ ಹಿಂದಿನ ವಾರವೇ ಚುಂಜಾಳ ಮನೆಗೆ ಬಂದು ಹೇಳಿ ಹೋಗಿದ್ದ. ಟೊಪ್ಪಿ ಕೈಯಲ್ಲಿ ಹಿಡಿದು, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು. “ರಸ್ತೆ ಕೆಲಸ ಅಮ್ಮಾ. ಮಗು ಬಿದ್ರೆ ಬಗ್ಗಿ ಎತ್ತಬೇಕಲ್ವಾ? ನನ್ನ ಕೈಲಿಲ್ಲ.” ಅವನು ಹೇಳಿದ್ದೂ ತಪ್ಪಲ್ಲ. ಅದೇ ಬೊಂಗ್ಸುನ್‌ಗೆ ಹೆಚ್ಚು ಸಿಟ್ಟು ತರಿಸಿದ್ದು. ಬೈಯಲು ಎದುರಿಗೆ ಯಾರೂ ಉಳಿದಿರಲಿಲ್ಲ. ಅಂಗಿ, ಬಾವುಟ ಎರಡನ್ನೂ ತಿಂಗಳ ಕೊನೆಯೊಳಗೆ ಒಪ್ಪಿಸಬೇಕು ಎಂದಿದ್ದ.

ತೀರ್ಪಿನ ದಿನವೇ ಒಪ್ಪಿಸಿಬಿಡೋಣ ಎಂದು ಚುಂಜಾ ಅಂಗಿಯನ್ನು ಒಗೆದು, ಇಸ್ತ್ರಿ ಹಾಕಿ, ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕೋರ್ಟಿನ ಮುಂದಿನ ಬಸ್ ನಿಲ್ದಾಣದಲ್ಲಿ ಇಬ್ಬರೂ ಕೂತರು. ಶಾಲೆ ಬಿಟ್ಟ ಮಕ್ಕಳ ಗುಂಪೊಂದು ಎದುರಿನ ರಸ್ತೆ ದಾಟಲು ನಿಂತಿತ್ತು. ಚುಂಜಾಳ ಕೈ ತಾನಾಗಿ ಮೇಲೆದ್ದಿತು, ಬಾವುಟ ಹಿಡಿಯುವ ಹಾಗೆ, ಆಮೇಲೆ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು.

“ಬೈಯೇ ನನ್ನ,” ಎಂದಳು ಬೊಂಗ್ಸುನ್. “ಎರಡು ವಾರದಿಂದ ಕಾಯ್ತಿದ್ದೀನಿ. ಒಂದು ಗಂಟೆ ಬಾಯಿ ಮುಚ್ಕೊಂಡಿರು ಅಂದ್ರೆ ಇರಕ್ಕಾಗ್ಲಿಲ್ಲ ನನಗೆ. ಈ ಹಾಳು ಬಾಯಿ ನಿನ್ನ ಮಕ್ಕಳನ್ನೇ ಕಿತ್ಕೊಂಡು ಬಿಡ್ತಲ್ಲೇ. ಬೈಯೇ! ಹೊಡಿ ಬೇಕಾದ್ರೆ!”

“ಬೈಯೋದು ನಿನ್ನ ಕೆಲಸ. ನನಗೆ ಬರಲ್ಲ.”

“ಮತ್ಯಾಕೆ ಠಾಣೇಲಿ ಬಾಯಿ ಹಾಕಿದೆ? ಸುಮ್ಮನಿದ್ದಿದ್ರೆ ಇದ್ಯಾವುದೂ ಇರ್ತಿರಲಿಲ್ಲ. ಯಾಕೆ ಹಾಕಿದೆ ಹೇಳು?”

“ನೀನೊಬ್ಳೇ ನಿಂತಿದ್ಯಲ್ಲ ಅಕ್ಕಾ.”

ಬೊಂಗ್ಸುನ್ ಬೇರೆ ಕಡೆ ಮುಖ ತಿರುಗಿಸಿ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು. ಕೋರ್ಟನ್ನು ಬೈದಳು, ಪಾರ್ಕನ್ನು ಬೈದಳು, ಹಲ್ಲು ಕಿರಿಯುವ ಅಳಿಲನ್ನು ಬೈದಳು. ಬಸ್ಸು ದೂರದಲ್ಲಿ ಕಾಣಿಸಿತು. ಚುಂಜಾ ಬ್ಯಾಗಿನೊಳಗೆ ಕೈ ಹಾಕಿ ಏನೋ ಹುಡುಕಿ, ಬೊಂಗ್ಸುನ್ ಅಂಗೈ ಎಳೆದುಕೊಂಡು ಅದರಲ್ಲಿ ಇಟ್ಟಳು. ಕೋರ್ಟಿನ ನೆಲದಿಂದ ಎತ್ತಿದ ದೊತೋರಿ.

“ಇಟ್ಕೋ. ಇದೊಂದು ಮಾತ್ರ ನಾನೇ ಆರಿಸಿದ್ದು,” ಎಂದಳು. “ಪಕ್ಕದಲ್ಲಿ ಕೂತೋರನ್ನ ಬರಿಗೈಲಿ ಕಳಿಸೋ ಅಭ್ಯಾಸ ನನಗೂ ಇಲ್ಲ.”

ಬಸ್ಸು ಬಂದು ನಿಂತಿತು. ಬೊಂಗ್ಸುನ್ ಮೊದಲು ಹತ್ತಿ, ತಿರುಗಿ, ಕಾಯಿ ಹಿಡಿದ ಕೈಯನ್ನೇ ಚಾಚಿ ಚುಂಜಾಳನ್ನು ಮೇಲೆಳೆದುಕೊಂಡಳು.